ಆಟೋಮ್ಯಾಟಿಕ್ ಪಿಕಪ್‌ನ ಗೇರ್ ಆಯಿಲ್ ಕೂಲರ್ ಪೈಪ್ ತುಕ್ಕು ಹಿಡಿದಿದೆ, ಯಾವ ಪೈಪ್ ಹಾಕಿಸಲಿ?

ವಾಸ್ಕೋ ಹೋಟೆಲಿನವ

ಎಲ್ಲರಿಗೂ ನಮಸ್ಕಾರ. ವಾಸ್ಕೋದಲ್ಲಿ ನಮ್ಮದೊಂದು ಊಟದ ಹೋಟೆಲ್ ಇದೆ. ಖಾರೆವಾಡೋ ಜೆಟ್ಟಿಯಿಂದ ಮೀನು, ಐಸ್ ತರೋಕೆ ಒಂದು ಡೀಸೆಲ್ ಪಿಕಪ್ ಇಟ್ಟುಕೊಂಡಿದ್ದೇವೆ. ಆಟೋಮ್ಯಾಟಿಕ್ ಗಾಡಿ. ಕೆಲವು ದಿನದಿಂದ ನಿಲ್ಲಿಸಿದ ಜಾಗದಲ್ಲಿ ಕೆಂಪು ಎಣ್ಣೆಯ ಹನಿ ಕಾಣುತ್ತಿತ್ತು. ಗ್ಯಾರೇಜಿನಲ್ಲಿ ಎತ್ತಿ ನೋಡಿದಾಗ ಗೇರ್‌ಬಾಕ್ಸಿನಿಂದ ಮುಂದಿನ ಕೂಲರಿಗೆ ಹೋಗುವ ಎರಡೂ ಸ್ಟೀಲ್ ಪೈಪ್ ತುಕ್ಕು ಹಿಡಿದಿವೆ. ಕ್ಲಿಪ್ ಕೂತಿರುವ ಕಡೆಯಂತೂ ಪದರ ಪದರವಾಗಿ ಏಳುತ್ತಿದೆ. ಉಗುರಿನಲ್ಲಿ ಕೆರೆದರೆ ಎಣ್ಣೆ ಜಿನುಗುತ್ತದೆ.

ಕಂಪನಿ ಪೈಪ್ ಬರೋಕೆ ತುಂಬಾ ದಿನ ಕಾಯಬೇಕು ಎಂದಿದ್ದಾರೆ, ಬೆಲೆಯೂ ಜಾಸ್ತಿ. ಇಲ್ಲಿ ಒಬ್ಬರು ಎಸಿಗೆ ಹಾಕುವ ತಾಮ್ರದ ಪೈಪ್ ಹಾಕೋಣ ಅಂತಾರೆ. ಇನ್ನೊಬ್ಬರು ಪೈಪೇ ಬೇಡ, ಪೂರ್ತಿ ರಬ್ಬರ್ ಹೋಸ್ ಎಳೆಯೋಣ ಅಂತಾರೆ. ಸ್ಟೇನ್‌ಲೆಸ್ ಹಾಕಿಸಿದರೆ ಜನ್ಮಕ್ಕೂ ತೊಂದರೆಯಿಲ್ಲ ಅನ್ನೋರೂ ಇದ್ದಾರೆ. ಸಮುದ್ರದ ಪಕ್ಕದಲ್ಲೇ ಓಡುವ ಗಾಡಿ. ಒಮ್ಮೆ ಮಾಡಿಸಿದರೆ ಗಟ್ಟಿಯಾಗಿ ಉಳಿಯಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ತುರ್ಭೆ ಫಿಟ್ಟರ್

ಸರ್, ಪೈಪಿನ ಮಾತು ಆಮೇಲೆ. ಮೊದಲು ಗಾಡಿ ಓಡಿಸೋದು ನಿಲ್ಲಿಸಿ. ಜಿನುಗುತ್ತಿರುವ ಪೈಪ್ ಎಣ್ಣೆ ಬಿಸಿಯಾದಾಗ ಒಡೆದರೆ, ಪಂಪು ಗೇರ್‌ಬಾಕ್ಸಿನ ಎಣ್ಣೆಯನ್ನೆಲ್ಲ ಸ್ವಲ್ಪ ಹೊತ್ತಿನಲ್ಲೇ ರಸ್ತೆಗೆ ಚೆಲ್ಲುತ್ತದೆ. ಒತ್ತಡ ಇಳಿದರೆ ಕ್ಲಚ್ ಪ್ಲೇಟ್ ಜಾರುತ್ತವೆ, ಜಾರಿದರೆ ಸುಡುತ್ತವೆ. ಪೈಪಿನ ಖರ್ಚು ಆಗ ಗೇರ್‌ಬಾಕ್ಸಿನ ಖರ್ಚಾಗುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಚಿಮ್ಮಿದರೆ ಬೆಂಕಿಯ ಭಯವೂ ಇದೆ.

ಗ್ಯಾರೇಜಿಗೆ ಸಾಗಿಸಬೇಕಾದರೆ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ಆಫ್ ಇದ್ದರೆ ಗೇರ್‌ಬಾಕ್ಸ್ ಪಂಪ್ ತಿರುಗಲ್ಲ. ಹಿಂದಿನ ಚಕ್ರ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ನಾಲ್ಕೂ ಚಕ್ರ ಮೇಲೇರಿಸುವ ಗಾಡಿಯನ್ನೇ ಕರೆಸಿ.

ಈಗ ನನಗೆ ಬೇಕಾದ ಮಾಹಿತಿ. ಪೈಪಿನ ಹೊರ ಅಳತೆ ವರ್ನಿಯರಿನಲ್ಲಿ ಹಿಡಿದು ಹೇಳಿ. ಗೇರ್‌ಬಾಕ್ಸ್ ಕಡೆಯ ತುದಿ ಬ್ಯಾಂಜೋನಾ (ಟೊಳ್ಳು ಬೋಲ್ಟ್ ತೂರಿಸಿ ಬಿಗಿಯುವ ಉಂಗುರದಂಥ ತುದಿ), ನಟ್ಟಾ? ಕೂಲರ್ ಕಡೆ ಹೇಗಿದೆ? ಕೂಲರ್ ಬೇರೆಯಾಗಿ ಮುಂದೆ ಕೂತಿದೆಯಾ, ರೇಡಿಯೇಟರ್ ತೊಟ್ಟಿಯೊಳಗೇ ಇದೆಯಾ?

ಡೊಂಬಿವಲಿ ಚಾಲಕ

ತಾಮ್ರದಲ್ಲಿ ಏನು ತಪ್ಪು? ತುಕ್ಕು ಹಿಡಿಯಲ್ಲ, ಕೈಯಲ್ಲೇ ಬಗ್ಗುತ್ತದೆ, ಯಾವ ಊರಲ್ಲೂ ಸಿಗುತ್ತದೆ. ಫ್ರಿಜ್‌ನಲ್ಲಿ ವರ್ಷಗಟ್ಟಲೆ ಇರುತ್ತದೆ ಅಲ್ವಾ?

ಹಡಗಿನ ಪೈಪ್ ಕೆಲಸ, ನಿವೃತ್ತ

ಫ್ರಿಜ್ ನಿಂತ ಜಾಗದಲ್ಲಿ ನಿಂತಿರುತ್ತದೆ ತಮ್ಮಾ. ಗಾಡಿಯಲ್ಲಿ ಪೈಪಿನ ಒಂದು ತುದಿ ಇಂಜಿನ್ ಜೊತೆ ಅಲುಗಾಡುತ್ತದೆ, ಇನ್ನೊಂದು ತುದಿ ಚಾಸಿಗೆ ಬಿಗಿದಿರುತ್ತದೆ. ಬರೀ ತಾಮ್ರ ಅಲುಗಾಡಿದಷ್ಟೂ ಗಡುಸಾಗುತ್ತದೆ. ಗಡುಸಾದ ಮೇಲೆ ಫ್ಲೇರಿನ, ಅಂದರೆ ನಟ್ಟು ಹಿಡಿಯಲು ಅಗಲಿಸಿದ ಪೈಪ್ ಬಾಯಿಯ, ಕುತ್ತಿಗೆಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಹೊರಗಿನಿಂದ ಪೈಪ್ ಹೊಸದರಂತೆ ಕಾಣುತ್ತಿರುವಾಗಲೇ ಮುರಿಯುತ್ತದೆ. ಮೇಲಾಗಿ ಬಿಸಿ ಎಣ್ಣೆಗೆ ಬರೀ ತಾಮ್ರ ತಾಗುತ್ತಿದ್ದರೆ ಎಣ್ಣೆ ಬೇಗ ಕೆಡುತ್ತದೆ. ಎಸಿ ತಾಮ್ರವನ್ನು ಗಾಡಿಯ ಎಣ್ಣೆ ಲೈನಿಗೆ ಹಾಕಲೇಬಾರದು.

ಆದರೆ ತಾಮ್ರದ ಮನೆಯಲ್ಲೇ ಇದಕ್ಕೆ ಉತ್ತರವೂ ಇದೆ. ಕ್ಯುಪ್ರೋನಿಕಲ್ 90-10. ನೂರಕ್ಕೆ 90 ಪಾಲು ತಾಮ್ರ, 10 ಪಾಲು ನಿಕಲ್, ಅದರಲ್ಲೇ ಸ್ವಲ್ಪ ಕಬ್ಬಿಣ, ಮ್ಯಾಂಗನೀಸ್. ನಾವು ಹಡಗಿನಲ್ಲಿ ಸಮುದ್ರದ ನೀರು ಹರಿಯುವ ಲೈನಿಗೆ ಹಾಕುತ್ತಿದ್ದದ್ದು ಇದನ್ನೇ. ಉಪ್ಪುನೀರು ತಾಗಿದರೆ ಮೇಲೆ ತೆಳುವಾದ ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯೇ ಪೈಪನ್ನು ಕಾಯುತ್ತದೆ. ಅಲುಗಾಟವನ್ನು ಬರೀ ತಾಮ್ರಕ್ಕಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಕಾರಿನಲ್ಲೂ ಇದು ಹೊಸದಲ್ಲ. ವೋಲ್ವೋದವರು 1976ರಲ್ಲೇ ಬ್ರೇಕ್ ಪೈಪಿಗೆ ಇದನ್ನು ಹಾಕತೊಡಗಿದರು. ಚಳಿದೇಶಗಳಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಲಿ ಸ್ಟೀಲ್ ಬ್ರೇಕ್ ಪೈಪ್ ಕೊಳೆಯುತ್ತಿತ್ತು. ನಿಮ್ಮ ಗೋವಾದ ಉಪ್ಪುಗಾಳಿಯೂ ಅದೇ ಕೆಲಸ ಮಾಡುತ್ತಿದೆ.

ಬ್ರೇಕಿನವರು ಇದನ್ನೇ ಕುನಿಫರ್ ಎನ್ನುತ್ತಾರೆ. ಅಂಗಡಿಯಲ್ಲಿ ಆ ಹೆಸರು ಹೇಳಿದರೂ ಗೊತ್ತಾಗುತ್ತದೆ.

ಭೋಸರಿ ಹೈಡ್ರಾಲಿಕ್

ಕ್ಯುಪ್ರೋನಿಕಲ್ ಮೆತ್ತಗಿರುತ್ತದೆ, ಒತ್ತಡ ತಡೆಯುತ್ತಾ ಅಂತ ನನ್ನ ಗಿರಾಕಿಗಳು ಕೇಳುತ್ತಾರೆ. ಬ್ರೇಕನ್ನು ಜೋರಾಗಿ ತುಳಿದಾಗ ಲೈನಿನಲ್ಲಿ 100 ಬಾರ್ ಆಸುಪಾಸು ಒತ್ತಡ ಬರುತ್ತದೆ. ಅದನ್ನೇ ತಡೆಯುವ ಲೋಹ ಇದು. ಗೇರ್ ಆಯಿಲ್ ಕೂಲರ್ ಲೈನಿನಲ್ಲಿ ಇರೋದು ಕೆಲವೇ ಬಾರ್. ಆದ್ದರಿಂದ ಒತ್ತಡದ ಚಿಂತೆ ಬಿಡಿ. ಇಲ್ಲಿ ಶತ್ರುಗಳು ಶಾಖ, ಉಪ್ಪು, ಅಲುಗಾಟ, ಉಜ್ಜಾಟ.

ಪೂರ್ತಿ ರಬ್ಬರ್ ಹೋಸ್ ಎಳೆಯುವ ಸಲಹೆಯ ಬಗ್ಗೆ ಹೋಸ್ ಮಾರುವವನಾಗಿಯೇ ಹೇಳುತ್ತೇನೆ, ಬೇಡ. ಹೋಸಿಗೆ ಒಂದು ಆಯಸ್ಸು ಇದೆ. ಗೇರ್‌ಬಾಕ್ಸ್ ಎಣ್ಣೆ ಮಾಮೂಲಿ ಓಡಾಟದಲ್ಲೇ 80-90 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಲೋಡ್ ಹೊತ್ತು ಘಾಟಿ ಹತ್ತಿದರೆ ಕೂಲರಿಗೆ ಹೊರಡುವ ಎಣ್ಣೆ 120 ದಾಟುವುದುಂಟು. ವಾರಕ್ಕೊಮ್ಮೆ ಅನ್‌ಮೋಡ್ ಘಾಟಿ ಹತ್ತುವ ಗಾಡಿಯಾದರೆ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಕು. ಉದ್ದದ ದಾರಿಗೆ ಲೋಹದ ಪೈಪ್, ಅಲುಗಾಡುವ ಜಾಗಕ್ಕೆ ಮಾತ್ರ ತುಂಡು ಹೋಸ್. ಕಂಪನಿಯವರು ಹಾಗೆ ಮಾಡಿರೋದು ಸುಮ್ನೆ ಅಲ್ಲ. ಲೋಹದ ಪೈಪು ಗಾಳಿಗೆ ಒಂದಿಷ್ಟು ಶಾಖವನ್ನೂ ಬಿಡುತ್ತದೆ.

ಆ ತುಂಡು ಹೋಸ್ ಯಾವುದು ಅನ್ನೋದೇ ಮುಖ್ಯ. ರೇಡಿಯೇಟರ್ ಹೋಸ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನದು. ನೀರಿಗೆ ಅದು ಬಹಳ ಒಳ್ಳೆಯದು, ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಹೋಸ್ ನೋಡೋಕೆ ಚೆಂದ, ಬಿಸಿಯೂ ತಡೆಯುತ್ತದೆ, ಎಣ್ಣೆಗೆ ಮಾತ್ರ ಆಗದು. ಡೀಸೆಲ್ ಹೋಸನ್ನು ಎಲ್ಲರೂ ಹಾಕುತ್ತಾರೆ, ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ಕಲ್ಲಿನಂತೆ ಗಟ್ಟಿಯಾಗಿ ಬಾಯಲ್ಲಿ ಸೀಳುತ್ತದೆ. ಕೇಳಬೇಕಾದದ್ದು ಎಸ್‌ಎಇ ಜೆ1532 ಎಂದು ಮೈಮೇಲೆ ಅಚ್ಚು ಇರುವ ಟ್ರಾನ್ಸ್‌ಮಿಷನ್ ಆಯಿಲ್ ಕೂಲರ್ ಹೋಸ್. ಅಚ್ಚು ಇಲ್ಲದಿದ್ದರೆ ಅಂಗಡಿಯವನ ಮಾತನ್ನು ನಂಬಬೇಡಿ.

ಪಿಂಪ್ರಿ ಜೆಸಿಬಿ

ನಮ್ಮ ಬ್ಯಾಕ್‌ಹೋ ಗಾಡಿಗಳಲ್ಲೂ ಟಾರ್ಕ್ ಕನ್ವರ್ಟರ್ ಇದೆ, ಕೂಲರ್ ಲೈನೂ ಇದೆ. ನಾವು ಮಾಮೂಲಿ ಹೈಡ್ರಾಲಿಕ್ ಹೋಸನ್ನೇ ಕ್ರಿಂಪ್ ಮಾಡಿಸಿ, ಅಂದರೆ ತುದಿಗೆ ಫಿಟ್ಟಿಂಗ್ ಒತ್ತಿ ಕೂರಿಸಿ, ಹಾಕುತ್ತೇವೆ. ಹೋಸ್ ಅಂಗಡಿ ಎಲ್ಲ ಕಡೆ ಇದೆ, ಅರ್ಧ ಗಂಟೆಯ ಕೆಲಸ. ಪಿಕಪ್‌ಗೆ ಅದು ಯಾಕೆ ಬೇಡ?

ಭೋಸರಿ ಹೈಡ್ರಾಲಿಕ್

ಹಾಕಬಹುದು ಅಣ್ಣಾ, ತಪ್ಪಿಲ್ಲ. ಮಾಮೂಲಿ ಎಸ್‌ಎಇ 100ಆರ್1 ಹೋಸಿನ ಶಾಖದ ಮಿತಿ 100 ಡಿಗ್ರಿ ಅನ್ನೋದು ನೆನಪಿರಲಿ. ಒತ್ತಡಕ್ಕೆ ಅದು ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಗಟ್ಟಿ, ಶಾಖಕ್ಕೆ ಅಂಚಿನಲ್ಲಿದೆ. ನಿಮ್ಮ ಗಾಡಿಯಲ್ಲಿ ಬಾನೆಟ್ ತೆಗೆದರೆ ಕೈಗೆ ಸಿಗುತ್ತದೆ, ಹಾಳಾದರೆ ಅಲ್ಲೇ ಬದಲಿಸುತ್ತೀರಿ. ಪಿಕಪ್‌ನಲ್ಲಿ ಇಂಜಿನ್ ಮತ್ತು ಎಕ್ಸಾಸ್ಟ್ ನಡುವೆ ತೂರಿಕೊಂಡು ಹೋಗುತ್ತದೆ. ಕ್ರಿಂಪ್ ಮಾಡಿದ ಹೋಸೇ ಬೇಕು ಅನ್ನೋರು 100ಆರ್14 ತೆಗೆದುಕೊಳ್ಳಲಿ. ಒಳಗೆ ಟೆಫ್ಲಾನ್, ಹೊರಗೆ ಸ್ಟೇನ್‌ಲೆಸ್ ಹೆಣಿಗೆ, 200 ಡಿಗ್ರಿ ದಾಟಿ ತಡೆಯುತ್ತದೆ. ಆದರೆ ಅದನ್ನು ಸಣ್ಣ ತಿರುವಿನಲ್ಲಿ ಬಗ್ಗಿಸಿದರೆ ಒಳಗೊಳಗೇ ಮಡಚಿಕೊಳ್ಳುತ್ತದೆ, ಹೊರಗೆ ಕಾಣೋದೇ ಇಲ್ಲ. ಅದರ ಹೆಣಿಗೆ ಅರದಂತೆ ಪಕ್ಕದ ಪೈಪನ್ನು ತಿನ್ನುತ್ತದೆ. ಮೇಲೆ ತೋಳು (ಸ್ಲೀವ್) ಹಾಕದೆ ಬಿಡಬಾರದು.

ಚಿಂಚವಾಡ ಟೆಂಪೋ

ಇಷ್ಟೆಲ್ಲ ಬೇಕಾ? ಪುಣೆಯಲ್ಲಿ ನಾನಾ ಪೇಠೆಗೆ ಹೋದರೆ ಜಿಂಕ್ ಲೇಪದ ಸ್ಟೀಲ್ ಬ್ರೇಕ್ ಪೈಪ್ ಸುರುಳಿಯಲ್ಲಿ ಸಿಗುತ್ತದೆ, ಅಗ್ಗ. ನಮ್ಮ ಕಡೆ ಗಾಡಿಗಳಲ್ಲಿ ಹತ್ತು ವರ್ಷದ ಸ್ಟೀಲ್ ಪೈಪ್‌ಗಳೂ ಚೆನ್ನಾಗಿವೆ.

ತುರ್ಭೆ ಫಿಟ್ಟರ್

ಪುಣೆಗೆ ಸ್ಟೀಲ್ ಸಾಕು, ನಿಮ್ಮ ಮಾತು ಸರಿ. ಘಟ್ಟದ ಮೇಲಿನ ಗಾಳಿಯಲ್ಲಿ ಉಪ್ಪಿಲ್ಲ. ಕಂಪನಿಯವರೂ ಸ್ಟೀಲನ್ನೇ ಹಾಕೋದು, ಅದು ಗಟ್ಟಿ, ಉಜ್ಜಾಟಕ್ಕೂ ಚೆನ್ನಾಗಿ ನಿಲ್ಲುತ್ತದೆ. ಪ್ಲಾಸ್ಟಿಕ್ ಲೇಪದ ಸ್ಟೀಲ್ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಲೇಪ ಒಂದು ಕಡೆ ಗೀರಿದರೆ ತುಕ್ಕು ಅಲ್ಲಿಂದ ಒಳಗೆ ನುಗ್ಗುತ್ತದೆ. ನವಿ ಮುಂಬೈಯಲ್ಲಿ ಖಾಡಿ (ಸಮುದ್ರದ ಹಿನ್ನೀರು) ಪಕ್ಕದ ಗಾಡಿಗೂ ಪನ್ವೇಲ್ ದಾಟಿ ಒಳಗಿರುವ ಗಾಡಿಗೂ ನಾನು ದಿನಾ ವ್ಯತ್ಯಾಸ ನೋಡುತ್ತೇನೆ.

ವಾಸ್ಕೋ ಸರ್ ಗಾಡಿಯಲ್ಲಿ ಇನ್ನೊಂದು ವಿಷಯ ಇದೆ, ಯಾರೂ ಹೇಳಲಿಲ್ಲ. ಮೀನಿನ ಐಸ್ ಕರಗಿದ ನೀರು. ಅದರಲ್ಲಿ ಉಪ್ಪಿದೆ. ಹಿಂದಿನ ತೊಟ್ಟಿಯ ತೂತುಗಳಿಂದ ಇಳಿದು ಚಾಸಿ ಮೇಲೆ, ಬ್ರೇಕ್ ಪೈಪ್ ಮೇಲೆ ಹರಿಯುತ್ತದೆ. ಇಳಿಜಾರಿನಲ್ಲಿ ನಿಂತಾಗ ಚಾಸಿ ಗುಂಟ ಮುಂದಕ್ಕೂ ಬರುತ್ತದೆ. ಕ್ಲಿಪ್ಪಿನ ಕೆಳಗೆ ಸಿಕ್ಕಿಕೊಂಡ ಉಪ್ಪುನೀರು ಒಣಗೋದೇ ಇಲ್ಲ. ಅದಕ್ಕೇ ನಿಮ್ಮ ಪೈಪ್ ಕ್ಲಿಪ್ ಕೂತ ಕಡೆಯೇ ಹೋಗಿದೆ. ಹಿಂದಿನ ಬ್ರೇಕ್ ಪೈಪನ್ನೂ ಇದೇ ಸಲ ಪೂರ್ತಿ ನೋಡಿಸಿ. ಕೂಲರ್ ಪೈಪ್ ಹೋದರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಪೈಪ್ ಹೋದರೆ ಗಾಡಿ ನಿಲ್ಲೋದೇ ಇಲ್ಲ.

ವಾಸ್ಕೋ ಹೋಟೆಲಿನವ

ಐಸ್ ನೀರಿನ ಮಾತು ಕೇಳಿ ಕೆಳಗೆ ಮತ್ತೆ ನೋಡಿಸಿದೆ. ನೀವು ಹೇಳಿದ ಹಾಗೇ ಇದೆ, ಹಿಂದಿನ ಬ್ರೇಕ್ ಪೈಪೂ ಕೆಂಪಗಾಗಿದೆ. ಅದನ್ನೂ ಬದಲಿಸುತ್ತೇವೆ.

ಅಳತೆ ತೆಗೆಸಿದೆ. ಪೈಪ್ ಹೊರಗಿನಿಂದ 10 ಮಿಲಿಮೀಟರ್. ಗೇರ್‌ಬಾಕ್ಸ್ ಕಡೆ ಬ್ಯಾಂಜೋ ಬೋಲ್ಟ್, ಎರಡು ವಾಷರ್. ಕೂಲರ್ ರೇಡಿಯೇಟರಿನ ಮುಂದೆ ಬೇರೆಯಾಗಿದೆ. ಅಲ್ಲಿ ಪೈಪ್ ತುದಿಗೆ ಗಿಡ್ಡ ಹೋಸ್, ಸ್ಪ್ರಿಂಗ್ ಕ್ಲಿಪ್. ಇಂಜಿನ್ ಪಕ್ಕದಲ್ಲೂ ಒಂದು ಗೇಣು ಹೋಸ್ ಇದೆ.

ಮಡಗಾಂವ್ ಆಫ್‌ರೋಡ್

ನಾನು ಸ್ಟೇನ್‌ಲೆಸ್ ಕಡೆಯವ ಮಾರಾಯ್ರೇ. ನಮ್ಮ ಬೀಚ್ ಪಕ್ಕದ ಗಾಡಿಗಳಿಗೆ 316 ಗ್ರೇಡ್ ಹಾಕಿಸಿದ್ದೇವೆ. ಕಲ್ಲು ಹೊಡೆದರೂ ತಗ್ಗುವುದಿಲ್ಲ. ಕ್ಯುಪ್ರೋನಿಕಲ್ ಅಷ್ಟು ಗಟ್ಟಿ ಇಲ್ಲ ಅಲ್ವಾ?

ಹಡಗಿನ ಪೈಪ್ ಕೆಲಸ, ನಿವೃತ್ತ

316 ಒಳ್ಳೆಯ ಆಯ್ಕೆಯೇ. ಅದರಲ್ಲಿ 2ರಿಂದ 3 ಪಾಲು ಮಾಲಿಬ್ಡಿನಂ ಇರುವುದರಿಂದ ಉಪ್ಪನ್ನು 304ಕ್ಕಿಂತ ಚೆನ್ನಾಗಿ ತಡೆಯುತ್ತದೆ. 304ರಲ್ಲಿ ಉಪ್ಪು ಸೂಜಿಮೊನೆಯಷ್ಟು ಗುಳಿ ಕೊರೆಯುತ್ತದೆ. ಸ್ಟೇನ್‌ಲೆಸ್ ಎಂದು ಬರೀ ಬಾಯಲ್ಲಿ ಹೇಳಿ ಕೊಡುವುದು ಸಾಮಾನ್ಯವಾಗಿ 304. ಗ್ರೇಡ್ ಅನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. 316 ಕೂಡ ಕ್ಲಿಪ್ಪಿನ ಸಂದಿಯಲ್ಲಿ ಉಪ್ಪುನೀರು ನಿಂತೇ ಇದ್ದರೆ ನಿಧಾನವಾಗಿ ಸೋಲುತ್ತದೆ.

ಕಷ್ಟ ಇರೋದು ಕೆಲಸದಲ್ಲಿ. ಸ್ಟೇನ್‌ಲೆಸ್ ಕೈ ಮಾತು ಕೇಳಲ್ಲ. ಬ್ರೇಕ್ ಪೈಪಿಗೆ ಮಾಡುವ 45 ಡಿಗ್ರಿಯ ಡಬಲ್ ಫ್ಲೇರನ್ನು ಅದರಲ್ಲಿ ಮಾಡಲು ಹೋದರೆ ಸಾಮಾನ್ಯ ಉಪಕರಣದಲ್ಲಿ ಅಂಚು ಸೀಳುತ್ತದೆ. ಸೀಳದಿದ್ದರೂ ಗಡುಸು ಮುಖ ಇನ್ನೊಂದು ಗಡುಸು ಮುಖದ ಮೇಲೆ ಕೂತು ಸೀಲ್ ಆಗಲ್ಲ, ಜಿನುಗುತ್ತದೆ. ಸ್ಟೇನ್‌ಲೆಸ್‌ಗೆ 37 ಡಿಗ್ರಿ ಸಿಂಗಲ್ ಫ್ಲೇರ್, ಒಳಗೆ ತೋಳು ಇರುವ ನಟ್, ಅಥವಾ ಎರಡು ಫೆರೂಲ್ (ಪೈಪನ್ನು ಕಚ್ಚಿ ಹಿಡಿಯುವ ಉಂಗುರ) ಇರುವ ಇನ್‌ಸ್ಟ್ರುಮೆಂಟ್ ಫಿಟ್ಟಿಂಗ್ ಬೇಕು. 37 ಮತ್ತು 45 ನೋಡೋಕೆ ಒಂದೇ ಥರ. ಬೆರೆಸಿದರೆ ಎಷ್ಟು ಬಿಗಿದರೂ ಸೋರುತ್ತದೆ.

ಮಡಗಾಂವ್‌ನವರ ಬಳಿ ಆ ಕೈ ಇರುವ ಫಿಟ್ಟರ್ ಇದ್ದಾರೆ, ಅವರಿಗೆ ಸರಿ. ಒಂದು ಪಿಕಪ್‌ಗಾಗಿ ಇದನ್ನೆಲ್ಲ ಹುಡುಕಬೇಕಾದವರಿಗೆ ಕ್ಯುಪ್ರೋನಿಕಲ್ಲೇ ಸುಲಭ. ಹಳೆ ಪೈಪ್ ಪಕ್ಕ ಇಟ್ಟುಕೊಂಡು ತಿರುವು ನೋಡಿ ಬಗ್ಗಿಸಬಹುದು. ಫ್ಲೇರ್ ನೀಟಾಗಿ ಬರುತ್ತದೆ. ಕಲ್ಲೇಟಿನ ಭಯ ಇರುವ ಕಡೆ ಮೇಲೆ ಸ್ಪ್ರಿಂಗ್ ಸುರುಳಿ ಹಾಕಿ.

ಡೊಂಬಿವಲಿ ಚಾಲಕ

ಅಲ್ಯೂಮಿನಿಯಂ? ಈಗಿನ ಕೆಲವು ಗಾಡಿಗಳಲ್ಲಿ ಅದೇ ಬರುತ್ತದೆ.

ತುರ್ಭೆ ಫಿಟ್ಟರ್

ಕಂಪನಿ ಹಾಕಿಕೊಟ್ಟರೆ ಸರಿ, ಕ್ಲಿಪ್ಪು, ತಿರುವು ಎಲ್ಲ ಅದಕ್ಕೆ ತಕ್ಕಂತೆ ಇರುತ್ತವೆ. ನಾವು ಕೈಯಲ್ಲಿ ಮಾಡುವ ಕೆಲಸಕ್ಕೆ ಬೇಡ. ಸ್ಟೀಲ್ ಕ್ಲಿಪ್ ಮತ್ತು ಅಲ್ಯೂಮಿನಿಯಂ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ.

ಈಗ ಸರ್ ಅಳತೆಗೆ ಬರೋಣ. 10 ಮಿಲಿಮೀಟರ್ ಅಂದರೆ 10 ಮಿಲಿಮೀಟರೇ ತರಿಸಿ. ಅಂಗಡಿಯಲ್ಲಿ ಮೂರೆಂಟು (3/8) ಇಂಚು, ಅಂದರೆ 9.5 ಮಿಲಿಮೀಟರ್ ಕೊಟ್ಟು ಎರಡೂ ಒಂದೇ ಅಂತಾರೆ. ಹೋಸ್ ಎರಡರ ಮೇಲೂ ಕೂರಬಹುದು. ನಟ್ಟು, ಬ್ರೇಜಿಂಗ್ (ಗಟ್ಟಿ ಬೆಸುಗೆ) ಎರಡರಲ್ಲೂ ಆ ಅರ್ಧ ಮಿಲಿಮೀಟರ್ ಕೈಕೊಡುತ್ತದೆ. ಸಣ್ಣ ಪೈಪನ್ನಂತೂ ಯಾವ ಕಾರಣಕ್ಕೂ ಹಾಕಿಸಬೇಡಿ. ಕೂಲರಿನಿಂದ ವಾಪಸ್ ಬರುವ ಎಣ್ಣೆಯೇ ಗೇರ್‌ಬಾಕ್ಸಿನ ಬೇರಿಂಗು, ಗೇರುಗಳಿಗೆ ಹೋಗೋದು.

ನಿಮ್ಮ ಬ್ಯಾಂಜೋ ತುದಿ ಚೆನ್ನಾಗಿದ್ದರೆ ಅದನ್ನು ಎಸೆಯಬೇಡಿ. ಹೊಸ ಕ್ಯುಪ್ರೋನಿಕಲ್ ಪೈಪನ್ನು ಅದಕ್ಕೆ ಬೆಳ್ಳಿ ಬ್ರೇಜಿಂಗ್ ಮಾಡಿಸಬಹುದು. ಒಳ್ಳೆಯ ರೇಡಿಯೇಟರ್ ಅಂಗಡಿಯವರು ಮಾಡುತ್ತಾರೆ. ತವರದ ಬೆಸುಗೆ ನಡೆಯಲ್ಲ, ಅಲುಗಾಟಕ್ಕೆ ಬಿಡುತ್ತದೆ. ಬ್ಯಾಂಜೋದ ಎರಡು ವಾಷರ್ ಹೊಸದೇ ಇರಲಿ.

ಹೋಸ್ ಸೇರುವ ತುದಿಯಲ್ಲಿ ಪೈಪಿಗೆ ಉಬ್ಬು ಇರಲೇಬೇಕು. ಬರೀ ಕೊಯ್ದ ಪೈಪಿಗೆ ಹೋಸ್ ತೂರಿಸಿ ಎರಡು ಕ್ಲಿಪ್ ಬಿಗಿದರೆ ಸಾಕು ಅನ್ನೋರು ತುಂಬಾ ಜನ. ಎಣ್ಣೆ ಬಿಸಿಯಾದಾಗ ಹೋಸ್ ಜಾರಿ ಹೊರಗೆ ಬರುತ್ತದೆ. ಫ್ಲೇರ್ ಉಪಕರಣದಲ್ಲೇ ಡಬಲ್ ಫ್ಲೇರಿನ ಮೊದಲ ಹಂತ ಮಾಡಿ ನಿಲ್ಲಿಸಿದರೆ ಒಳ್ಳೆಯ ಉಬ್ಬು ಬರುತ್ತದೆ. ಹೋಸ್ ಆ ಉಬ್ಬು ದಾಟಿ ಒಂದು ಇಂಚು ಒಳಗೆ ಹೋಗಲಿ, ಕ್ಲಿಪ್ ಉಬ್ಬಿನ ಹಿಂದೆ ಕೂರಲಿ. ಉಬ್ಬಿನ ಮೇಲೇ ಕೂರಿಸಿದರೆ ರಬ್ಬರ್ ಕತ್ತರಿಸುತ್ತದೆ.

ನೀರಿನ ಪೈಪಿನ ಹಿತ್ತಾಳೆ ಕಂಪ್ರೆಷನ್ ಜಾಯಿಂಟ್ ಯಾರಾದರೂ ತಂದುಕೊಟ್ಟರೆ ವಾಪಸ್ ಕಳಿಸಿ.

ಪಿಂಪ್ರಿ ಜೆಸಿಬಿ

ಥ್ರೆಡ್ಡಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಗೇರ್‌ಬಾಕ್ಸ್ ಲೈನಿಗೆ ಅದು ಬೇಡವೇ ಬೇಡ. ಚೂರು ಕಿತ್ತುಕೊಂಡು ಗೇರ್ ಬದಲಿಸುವ ವಾಲ್ವ್‌ಗಳ ಪೆಟ್ಟಿಗೆಗೆ (ವಾಲ್ವ್ ಬಾಡಿ) ಹೋದರೆ ಗೇರ್ ಬದಲಾಗೋದೇ ತಪ್ಪುತ್ತದೆ. ಬ್ಯಾಂಜೋ ವಾಷರಿನಲ್ಲಿ ಸೀಲ್ ಆಗುತ್ತದೆ, ಫ್ಲೇರ್ ಮುಖದಲ್ಲಿ ಸೀಲ್ ಆಗುತ್ತದೆ. ಥ್ರೆಡ್ಡಿನ ಕೆಲಸ ಬಿಗಿಯೋದು ಮಾತ್ರ.

ಪೈಪ್ ಕೊಯ್ಯೋಕೆ ಹ್ಯಾಕ್ಸಾ ಬಳಸಿದರೆ ಒಳಗೆ ಲೋಹದ ಪುಡಿ ಉಳಿಯುತ್ತದೆ. ಚಕ್ರದ ಟ್ಯೂಬ್ ಕಟರ್ ಬಳಸಿ, ಒಳಬಾಯಿಯ ಚುರುಕು ಕೆರೆದು, ಡೀಸೆಲಿನಲ್ಲಿ ತೊಳೆದು, ಕಂಪ್ರೆಸರ್ ಗಾಳಿ ಹೊಡೆದು, ಆಮೇಲೆ ಗಾಡಿಗೆ ಹಾಕಿ.

ವಾಸ್ಕೋ ಹೋಟೆಲಿನವ

ಎಲ್ಲರಿಗೂ ತುಂಬಾ ಧನ್ಯವಾದ. ಕ್ಯುಪ್ರೋನಿಕಲ್ 90-10 ಅಂತ ತೀರ್ಮಾನ ಮಾಡಿದೆವು. ಇಲ್ಲಿ 10 ಮಿಲಿಮೀಟರ್ ಸಿಗುತ್ತಿಲ್ಲ. ನನ್ನ ಭಾವ ಮಾಟುಂಗಾದಲ್ಲಿದ್ದಾರೆ, ಅವರ ಕೈಲಿ ತರಿಸಬಹುದು. ಮುಂಬೈಯಲ್ಲಿ ಎಲ್ಲಿ ಕೇಳಲಿ? ದಪ್ಪ ಎಷ್ಟು ಇರಬೇಕು?

ಹಡಗಿನ ಪೈಪ್ ಕೆಲಸ, ನಿವೃತ್ತ

ಸಿ.ಪಿ. ಟ್ಯಾಂಕ್, ಕುಂಭಾರವಾಡ ಸುತ್ತಮುತ್ತ ಲೋಹದ ಪೈಪ್ ವ್ಯಾಪಾರಿಗಳ ಸಾಲೇ ಇದೆ. ಅಲ್ಲಿ ಕೇಳಿಸಿ. ಫಿಟ್ಟಿಂಗ್, ನಟ್ಟು, ಉಪಕರಣಕ್ಕೆ ನಾಗದೇವಿ ಸ್ಟ್ರೀಟ್. ಗೋಡೆ ದಪ್ಪ 1 ಮಿಲಿಮೀಟರ್ ಇದ್ದರೆ ಬಗ್ಗಿಸೋಕೂ ಚೆನ್ನ, ಬಾಳಿಕೆಗೂ ಚೆನ್ನ. ಮೆದು ಮಾಡಿದ ಸುರುಳಿ ಪೈಪೇ ಬೇಕು ಅನ್ನಿ. ನೇರ ಉದ್ದದ ಗಡುಸು ಪೈಪ್ ಕೊಟ್ಟರೆ ಬಗ್ಗಿಸುವಾಗ ಚಪ್ಪಟೆಯಾಗುತ್ತದೆ. ಬರೀ ತಾಮ್ರವನ್ನು ಇದೇ ಅಂತ ಕೊಡುವವರೂ ಇದ್ದಾರೆ. ಸ್ವಲ್ಪ ಉಜ್ಜಿ ನೋಡಿದರೆ ತಾಮ್ರ ಕೆಂಪಗೆ ಕಾಣುತ್ತದೆ, 90-10ರಲ್ಲಿ ಆ ಕೆಂಪು ಮಾಸಿ ಬೂದು ಬೆರೆತ ತಿಳಿ ಬಣ್ಣ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೇಳಿ. ಮಿಲ್ಲಿನ ಪರೀಕ್ಷಾ ಪತ್ರ ಇದ್ದರೆ ಅದರ ನಕಲು ಕೇಳಲಿ.

ಬ್ರೇಕ್ ಪೈಪಿಗೂ ಇದೇ ಲೋಹ ಆಗುತ್ತದೆ, ಅದರ ಅಳತೆ ಬೇರೆ. ಎರಡನ್ನೂ ಒಟ್ಟಿಗೆ ತರಿಸಿಕೊಳ್ಳಿ.

ವಾಸ್ಕೋ ಹೋಟೆಲಿನವ

ಆಗಲಿ ಸರ್. ಹಳೆ ಕ್ಲಿಪ್‌ಗಳನ್ನೇ ತೊಳೆದು ಹಾಕಬಹುದಾ? ಎಣ್ಣೆ ತುಂಬುವಾಗ ಏನು ನೋಡಿಕೊಳ್ಳಬೇಕು?

ತುರ್ಭೆ ಫಿಟ್ಟರ್

ಹಳೆ ಕ್ಲಿಪ್ ಬೇಡ. ರಬ್ಬರ್ ಒಳಪದರ ಇರುವ ಸ್ಟೇನ್‌ಲೆಸ್ ಪಿ-ಕ್ಲಿಪ್ ಹಾಕಿಸಿ. ಕ್ಯುಪ್ರೋನಿಕಲ್ ಸ್ಟೀಲಿಗಿಂತ ಮೆತ್ತಗಿರುವುದರಿಂದ ಕ್ಲಿಪ್ ಸ್ವಲ್ಪ ಹತ್ತಿರ ಹತ್ತಿರ ಇರಲಿ, ಒಂದೊಂದು ಅಡಿಗೆ ಒಂದು. ಚಾಸಿಗೆ, ಬ್ರಾಕೆಟ್ಟಿಗೆ ಎಲ್ಲೂ ತಾಗಬಾರದು. ತಾಗಿದ ಕಡೆ ಉಜ್ಜಿ ತೂತಾಗುತ್ತದೆ. ಇಂಜಿನ್ ಪಕ್ಕದ ಆ ಗೇಣು ಹೋಸನ್ನು ಉಳಿಸಿಕೊಳ್ಳಿ, ಅದನ್ನು ತೆಗೆದು ಪೂರ್ತಿ ಲೋಹದ ಪೈಪ್ ಮಾಡೋಣ ಅನ್ನೋರ ಮಾತು ಕೇಳಬೇಡಿ.

ಎಣ್ಣೆ ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಿರುವ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಮಾತ್ರ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸಾದರೆ ಗಾಡಿ ಸಮತಟ್ಟಾಗಿ ಎತ್ತಿ, ಇಂಜಿನ್ ಓಡುತ್ತಿರುವಾಗ, ಎಣ್ಣೆ ಕಂಪನಿ ಹೇಳಿದ ತಾಪಮಾನಕ್ಕೆ ಬಂದ ಮೇಲೆ ಅಳತೆ ಪ್ಲಗ್ಗಿನಿಂದ ಮಟ್ಟ ನೋಡಬೇಕು. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲೇ ಮಾಡಿಸಿ. ಅಂದಾಜಿನಲ್ಲಿ ಸುರಿಯೋದು ಬೇಡ. ಹೆಚ್ಚಾದರೆ ನೊರೆ ಬರುತ್ತದೆ, ಕಡಿಮೆಯಾದರೆ ಜಾರುತ್ತದೆ.

ಹಿಂದಿನ ತೊಟ್ಟಿಯ ತೂತುಗಳಿಗೆ ಒಂದು ರಬ್ಬರ್ ಪೈಪ್ ಹಾಕಿಸಿ, ಐಸ್ ನೀರು ಹಿಂದಿನ ಚಕ್ರದ ಆಚೆ ನೆಲಕ್ಕೆ ಬೀಳುವ ಹಾಗೆ. ಮೀನು ಇಳಿಸಿದ ದಿನ ಕೆಳಗಿನಿಂದ ಸಿಹಿನೀರು ಹೊಡೆಸಿ. ಮೊದಲ ವಾರ ಬೆಳಿಗ್ಗೆ ಗಾಡಿ ಎತ್ತುವ ಮೊದಲು ಪ್ರತಿ ಜಾಯಿಂಟಿಗೂ ಒಣ ಬಟ್ಟೆ ಒರೆಸಿ ನೋಡಿ, ಕೆಂಪು ಕಂಡರೆ ಅಲ್ಲಿ ಮತ್ತೆ ಬಿಗಿಸಿ.